ಕಂಬಳಿಯ ಮೇಲಿನ ಕರಾರು

ನೌಕರಿಯ ಕಾಗದವನ್ನು ಸುಂದರಬಾಯಿ ಕುರಿಮರಿಯ ಬಾಯಿಗೆ ಹಿಡಿದಳು.

"ಅಯ್ಯಯ್ಯೋ ಬೇಟಿ!" ಕಾಗದ ತಂದಿದ್ದ ಕಾರಖಾನೆಯ ಯಾಕೂಬ ಮುನ್ಶಿ ಎದ್ದೇಬಿಟ್ಟ. "ಸೇಠರ ಮೊಹರ್ ಅದ ಅದರ ಮ್ಯಾಲ!"

"ಮೊಹರ್ ಕಹಿ ಇರಬೇಕ್ರಿ ಮುನ್ಶಿ ಸಾಬ್. ನೋಡ್ರಿ, ಅದಷ್ಟನ್ನ ಉಗುಳ್ಯದ."

ಕಾಗದ ಉರ್ದುವಿನಲ್ಲಿತ್ತು. ಅದನ್ನು ಮುನ್ಶಿ ಆಗಲೇ ಎರಡು ಸಲ ಓದಿ ಹೇಳಿದ್ದ. ಬೀದರದ ಮುಜೀಬೋದ್ದೀನ ಸೇಠರು ಭಾಲ್ಕಿಯ ಹಳೆಯ ವಾಡೆಯೊಂದರಲ್ಲಿ ಕಂಬಳಿ ಕಾರಖಾನೆ ಹಾಕಿದ್ದಾರೆ. ಹೈದರಾಬಾದಿನ ದವಾಖಾನೆಯೊಂದಕ್ಕೆ ಇನ್ನೂರು ಕಂಬಳಿ ಸಂಕ್ರಾಂತಿಯೊಳಗೆ ಕೊಡಬೇಕು. ಉಣ್ಣೆ ಔರಾದದ ಸಂತೆಯಿಂದ ಬಂದಿದೆ, ನೇಕಾರರು ಬಗದಲ್‌ನಿಂದ ಬಂದಿದ್ದಾರೆ. ಆದರೆ ಹಾಸಿನ ನೂಲಿಗೆ ಹುಣಸೆಬೀಜದ ಸರಿ, ಅಂದರೆ ಅಂಟುಗಂಜಿ, ಕಾಯಿಸಿ ಹಚ್ಚುವ ಕೈಗಳಿಲ್ಲ. ಮೈದಾ ಹಿಟ್ಟಿನ ಅಂಟು ಹಚ್ಚಿ ನೋಡಿದರು. ಮೊದಲ ಇಪ್ಪತ್ತು ಕಂಬಳಿಯನ್ನು ಇಲಿಗಳು ಹಬ್ಬ ಮಾಡಿ ತಿಂದವು. ಸಾಯಗಾಂವದ ಹೆಣ್ಣುಮಕ್ಕಳು ಬರಬೇಕು. ಅವರು ಸುಂದರಬಾಯಿ ಬಂದರೆ ಮಾತ್ರ ಬರುತ್ತಾರೆ.

ಎಲ್ಲ ಸರಿ. ಕಾಗದದ ಕೆಳಗಿನ ಸಹಿ ಯಾರದೆಂದು ಆಕೆ ಕೇಳಿದ್ದಳು. ಮ್ಯಾನೇಜರ್ ವೈಜಿನಾಥರದು ಎಂದು ಮುನ್ಶಿ ಹೇಳಿದ. ಆಗಲೇ ಮರಿಗೆ ಮೇವು ಸಿಕ್ಕಿದ್ದು.

"ನಿಮ್ಮ ಮ್ಯಾನೇಜರ್ ಸಾಹೇಬರಿಗೆ ಹೇಳ್ರಿ," ಎಂದಳು ಸುಂದರಬಾಯಿ, ಮರಿಯ ಮೂತಿ ಒರೆಸುತ್ತ. "ಕಾಗದದ ಮ್ಯಾಲಿನ ಮಾತು ಕುರಿ ತಿಂದ್ರ ಹೋತು. ನೌಕರಿ ಕೊಡೋರು ಖುದ್ದ ಬರಲಿ. ಕಂಬಳಿ ಹಾಸ್ತೇನಿ, ಕುಂತು ಮಾತಾಡ್ಲಿ."

ಮುನ್ಶಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಕಂಬಳಿ ಹಾಸುವುದೆಂದರೆ ಏನೆಂದು ಆ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕುರುಬರ ಮನೆಯಲ್ಲಿ ಜಗಳ ಬಗೆಹರಿಯುವುದು, ಸಂಬಂಧ ಕೂಡುವುದು, ಮುರಿಯುವುದು ಎಲ್ಲವೂ ಕಂಬಳಿಯ ಮೇಲೆಯೇ. ಚಪ್ಪಲಿ ಬಿಟ್ಟು ಕೂಡಬೇಕು. ನಡುವೆ ಒಂದು ಚಿಟಿಕೆ ಭಂಡಾರ, ದೇವರ ಅರಿಶಿನ. ಕೂತವರು ಸುಳ್ಳಾಡುವಂತಿಲ್ಲ. ಕೊಟ್ಟ ಮಾತು ಹಿಂದಕ್ಕೆ ಪಡೆಯುವಂತಿಲ್ಲ. ಕಂಬಳಿ ಝಾಡಿಸಿ ಮಡಚಿದರೆ ವಿಷಯ ಮುಗಿಯಿತು.

ಸುಂದರಬಾಯಿಯ ಎದೆಯಲ್ಲಿ ಒಂದು ವಿಷಯ ಮೂರು ವರ್ಷದಿಂದ ಮುಗಿಯದೆ ಕೂತಿತ್ತು.

*

ರಜಾಕಾರರ ಗಡಬಡಿಯ ವರ್ಷ, ಪೊಲೀಸ್ ಆ್ಯಕ್ಷನ್ನಿಗೆ ನಾಲ್ಕು ತಿಂಗಳು ಮೊದಲು, ಆಕೆಗೂ ವೈಜಿನಾಥನಿಗೂ ಮದುವೆ ನಿಶ್ಚಯದ ಸೀರೆ ಉಡಿಸುವ ಶಾಸ್ತ್ರ ಆಗಿತ್ತು. ಭಾಲ್ಕಿಯ ಹುಡುಗ, ಬೀದರದಲ್ಲಿ ಮೆಟ್ರಿಕ್ ಓದಿದವನು. ಎಲ್ಲರೂ ಹುಗ್ಗಿ ಉಣ್ಣುವಾಗ ಆತ ಬಾಗಿಲ ಸಂದಿಯಲ್ಲಿ ನಿಂತು, ಯಾರೂ ನೋಡದಂತೆ, ಆಕೆಯ ಕೂದಲಿಗೆ ಅಂಟಿದ್ದ ಉಣ್ಣೆಯ ಎಳೆಯೊಂದನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡಿದ್ದ. ಅಷ್ಟೇ. ಆ ಎರಡು ಬೆರಳಿನ ಬಿಸಿ ನೆತ್ತಿಯ ಮೇಲೆ ಎಷ್ಟೋ ದಿನ ಇತ್ತು. ಅಪ್ಪ ಮಡೆಪ್ಪ ಅಳಿಯನಿಗೆಂದು, ಮರಿಗಳ ಮೊದಲ ಕತ್ತರಿಯ ಮೆತ್ತನೆಯ ಉಣ್ಣೆಯಿಂದ, ಕಂಬಳಿ ನೇಯಲು ಕೂತ.

ತಿಂಗಳೊಳಗೆ ಊರೂರೇ ಗಂಟು ಕಟ್ಟತೊಡಗಿತು. ರಜಾಕಾರರ ಸುದ್ದಿ ದಿನಕ್ಕೊಂದು ಹಳ್ಳಿ ಹತ್ತಿರ ಬರುತ್ತಿತ್ತು. ಮಡೆಪ್ಪನ ಕಾಲು ಊದಿತ್ತು, ನಡೆಯಲಾಗುತ್ತಿರಲಿಲ್ಲ. ವೈಜಿನಾಥ ಹೇಳಿ ಕಳಿಸಿದ: ಸೋಮವಾರ ಮಧ್ಯಾಹ್ನ ಕಣದ ಹತ್ತಿರ ಬಂಡಿ ತರುತ್ತೇನೆ, ಎಲ್ಲರೂ ಕೂಡಿ ಗಡಿಯಾಚೆಯ ಕ್ಯಾಂಪಿಗೆ ಹೋಗೋಣ.

ಮಡೆಪ್ಪ ಸೋಮವಾರ ಮಧ್ಯಾಹ್ನ ಕಣದ ನಡುವಿನ ಮೇಟಿಗಂಬಕ್ಕೆ ಒರಗಿ ಕೂತ. "ಅಳಿಯ ಬರ್ತಾನ," ಎಂದ. ಸಂಜೆಯಾಯಿತು. "ಎತ್ತು ದಣಿದಾವ, ಬರ್ತಾನ," ಎಂದ. ಮರುದಿನ ಮಧ್ಯಾಹ್ನದವರೆಗೂ ಅಲ್ಲಿಂದ ಏಳಲಿಲ್ಲ. ಆಮೇಲೆ ಊದಿದ ಕಾಲಲ್ಲೇ ನಡೆದ. ಎಂಟು ದಿನ. ಕ್ಯಾಂಪು ಮುಟ್ಟಿದ ಮೂರನೆಯ ದಿನ ಕಣ್ಣು ಮುಚ್ಚಿದ.

ಬಂಡಿಯ ಗಾಲಿ ಮುರಿದಿತ್ತಂತೆ ಎಂದು ಆಮೇಲೆ ಯಾರೋ ಹೇಳಿದರು. ವೈಜಿನಾಥ ಹೈದರಾಬಾದಿಗೆ ಹೋದನಂತೆ ಎಂದು ಇನ್ನಾರೋ ಹೇಳಿದರು. ಆತ ಮಾತ್ರ ಏನೂ ಹೇಳಲಿಲ್ಲ. ಸೀರೆ ಉಡಿಸಿಕೊಂಡ ಹೆಣ್ಣು ಅತ್ತ ಹೆಂಡತಿಯೂ ಅಲ್ಲ, ಇತ್ತ ಮಗಳೂ ಅಲ್ಲ. ಅವ್ವ ಸಖುಬಾಯಿ ಆ ಸೀರೆಯನ್ನು ಹರಿದು ಹಾಕೆಂದಳು. ಸುಂದರಬಾಯಿ ಹರಿಯಲಿಲ್ಲ. ಸಿಟ್ಟನ್ನು ಕಾಪಿಡಲು ಏನಾದರೊಂದು ಬಟ್ಟೆ ಬೇಕಲ್ಲ.

*

"ಬರೋದಿಲ್ಲ ಅಂದುಬಿಡಬೇಕಿತ್ತು," ಎಂದಳು ಅವ್ವ. "ಅವನ ಕಾರಖಾನಿ ಮುಳುಗಿ ಹೋಗ್ತಿತ್ತು."

"ಹದಿನೇಳು ಮನಿ ಒಲಿಯೂ ಅದರ ಸಂಗಾಟನೇ ಮುಳುಗ್ತದ, ಅವ್ವ."

ಗಡಬಡಿಯಲ್ಲಿ ಊರಿನ ಕುರಿ ಹಿಂಡುಗಳು ಚದುರಿ ಹೋಗಿದ್ದವು. ಹೆಣ್ಣುಮಕ್ಕಳ ಕೈ ಖಾಲಿ ಇತ್ತು. ಅದಕ್ಕಿಂತ ಮುಖ್ಯ, ಕಾರಖಾನೆ ಮುಳುಗಿದರೆ ವೈಜಿನಾಥ ಮತ್ತೆ ಹೈದರಾಬಾದಿಗೆ ಓಡಿಹೋಗುತ್ತಾನೆ. ಓಡಿಹೋದವನ ಮೇಲೆ ಸೇಡು ತೀರಿಸುವುದು ಹೇಗೆ? ಕಣ್ಣೆದುರು ಇಟ್ಟುಕೊಂಡೇ ತೀರಿಸಬೇಕು.

ಪಕ್ಕದ ಮನೆಯ ಕುಲಸುಮಬೀ ಗೋಡೆಯ ಮೇಲಿಂದ ಇಣುಕಿದಳು. ಪಿಂಜಾರರ ಹೆಣ್ಣುಮಗಳು, ಉಣ್ಣೆ ಹಿಂಜುವುದರಲ್ಲಿ ಆಕೆಯ ಬಿಲ್ಲಿಗೆ ಸಮನಾದ ಬಿಲ್ಲು ಆ ಸೀಮೆಯಲ್ಲೇ ಇರಲಿಲ್ಲ. ಪೊಲೀಸ್ ಆ್ಯಕ್ಷನ್ ಆದ ವಾರ ಈ ಕಡೆಯವರು ಸೇಡಿಗೆಂದು ಮುಸಲ್ಮಾನರ ಮೇಲೆ ಕತ್ತಿ ಹಿಡಿದು ತಿರುಗುವಾಗ, ಕ್ಯಾಂಪಿನಿಂದ ಆಗಷ್ಟೇ ಮರಳಿದ್ದ ಸಖುಬಾಯಿ ಈಕೆಯನ್ನು ಉಣ್ಣೆಯ ರಾಶಿಯ ಕೆಳಗೆ ಎರಡು ದಿನ ಬಚ್ಚಿಟ್ಟಿದ್ದಳು. ಆಕೆಯ ಗಂಡ ಮಾತ್ರ ಮತ್ತೆ ಸಿಕ್ಕಲೇ ಇಲ್ಲ.

"ಸುಂದರಾ, ಹಾಸೋದು ಯಾವ ಕಂಬಳಿ?" ಎಂದಳು ಕುಲಸುಮಬೀ.

"ಪೆಟ್ಟಿಗಿದಾಗಿಂದು."

ಕುಲಸುಮಬೀಯ ಹುಬ್ಬು ಮೇಲೇರಿತು. "ಅಪ್ಪ ನೇಯ್ದಿದ್ದು? ಮದುಮಗಂದು?"

"ಅವನಿಗೇನು ಗೊತ್ತು, ಯಾವುದು ಅಂತ."

"ಅವನಿಗೆ ಗೊತ್ತಿಲ್ಲವ್ವ. ನಿನಗ ಗೊತ್ತದ ಅಲ್ಲ," ಎಂದು ಆಕೆ ನಕ್ಕು ಮರೆಯಾದಳು.

*

ಗುರುವಾರ ವೈಜಿನಾಥ ಸೈಕಲ್ ಮೇಲೆ ಬಂದ. ಧೂಳಿನಲ್ಲಿ ಹುಬ್ಬು ಬೆಳ್ಳಗಾಗಿತ್ತು. ಮೊದಲಿಗಿಂತ ಸೊರಗಿದ್ದ. ಆ ಸೊರಗು ಚೆಂದ ಕಾಣುತ್ತಿದೆಯಲ್ಲ ಎಂದು ಸುಂದರಬಾಯಿಗೆ ತನ್ನ ಕಣ್ಣಿನ ಮೇಲೆಯೇ ಸಿಟ್ಟು ಬಂತು.

ಕಂಬಳಿಯ ಅಂಚಿಗೆ ಬಂದು ಆತ ಬೂಟು ಬಿಚ್ಚಿದ. ಒಂದು ಕಾಲಚೀಲದಲ್ಲಿ ಹೆಬ್ಬೆರಳು ಹೊರಬಂದಿತ್ತು. ಗೋಡೆಯಾಚೆ ಕೂತಿದ್ದ ಹೆಣ್ಣುಮಕ್ಕಳು ಕಿಸಕ್ಕೆಂದರು.

"ಕೂಡ್ರಿ ಸಾಹೇಬರ," ಎಂದಳು. "ಕುರ್ಚಿ ಇಲ್ಲ ನಮ್ಮನ್ಯಾಗ."

"ಕುರ್ಚಿ ಕೇಳಲಾಕ ಬಂದಿಲ್ಲರಿ," ಎಂದು ಆತ ಕೂತ. ಅಂಗೈ ಕಂಬಳಿಯ ಮೇಲೆ ಊರಿದವನು, ಅದರ ಮೆದುತನ ಬೆರಳಿಗೆ ತಿಳಿದು, ಒಮ್ಮೆ ಕೆಳಗೆ ನೋಡಿದ. ಆಕೆ ಬೇಗನೆ ಮಾತು ತೆಗೆದಳು.

"ಸರಿ ಕಾಯಿಸೋದು ನಮ್ಮ ಕೈ, ನಮ್ಮ ಅಳತಿ. ನಿಮ್ಮ ಮೈದಾ ಮೇಸ್ತ್ರಿ ಹತ್ರ ಸುಳಿಬಾರದು."

"ಆಯ್ತರಿ."

"ಹಾಸಿನ ನೂಲಿಗಿ ಕುಂಚ ಹೊಡೆಯೋದು ಎಳಿಬಿಸಲಾಗ. ಬಿಸಲು ಏರಿದ ಮ್ಯಾಲ 'ಲಗೂ ಲಗೂ' ಅಂತ ಯಾರೂ ಒದರಬಾರದು. ಒದರಿದ್ರ ಕುಂಚ ಅಲ್ಲೇ ಬಿಟ್ಟು ಎದ್ದು ಬರ್ತೇವಿ."

"ಆಯ್ತರಿ."

"ವಾರದ ಆರು ದಿನ ಅಲ್ಲೇ ಇರಬೇಕು ಅಂತೀರಿ. ಬೇರೆ ಖೋಲಿ ಬೇಕು. ಚಿಲಕ ಒಳಗಿಂದ ಇರಬೇಕು, ಹೊರಗಿಂದ ಅಲ್ಲ. ಕೂಸುಗಳ ತೊಟ್ಟಿಲು ಕಟ್ಟಲಾಕ ಪಡಸಾಲಿ ಬೇಕು. ಕೂಸು ಅತ್ರ ಅವ್ವಂದಿರು ಹಾಲು ಕುಡಿಸಲಾಕ ಏಳ್ತಾರ. ಯಾಕ ಎದ್ದಿ ಅಂತ ಕೇಳಬಾರದು."

"ಚಿಲಕ ನಾನೇ ಬಡಿಸ್ತೇನಿ."

"ಕುಲಸುಮಬೀ ಬಿಲ್ಲೂ ಬರ್ತದ."

ಇಲ್ಲಿ ಆತ ತಡೆದ. "ಹಿಂಜಲಾಕ ಮಷೀನ್ ಬರ್ಲಕತ್ತದರಿ. ಸೇಠರು ಒಪ್ಪೋದಿಲ್ಲ."

"ಹಂಗಾದ್ರ ಕಂಬಳಿ ಮಡಚಲಿ?" ಆಕೆ ಅಂಚಿಗೆ ಕೈ ಹಾಕಿದಳು.

"ಇರ್ರಿ, ಇರ್ರಿ," ಎಂದು ಆತ ಕಂಬಳಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದ. "ಮಷೀನ್ ಬರಲಿ, ಬಿಲ್ಲೂ ಇರಲಿ. ಸೇಠರಿಗೆ ನಾ ಹೇಳ್ತೇನಿ."

ಗೋಡೆಯಾಚೆ ಕುಲಸುಮಬೀ ಕೆಮ್ಮಿದಳು. ಸುಂದರಬಾಯಿಗೆ ಸಮಾಧಾನವಾಗಲಿಲ್ಲ, ಉರಿಯಿತು. ಇಡೀ ರಾತ್ರಿ ನಿದ್ದೆಗೆಟ್ಟು ಹೆಣೆದ ಮಾತುಗಳು. ಚೌಕಾಸಿ ಮಾಡದವನ ಜೊತೆ ಜಗಳ ಆಡುವುದಾದರೂ ಹೇಗೆ?

"ಇನ್ನೊಂದು ಅದ," ಎಂದಳು. "ಶನಿವಾರ ನಮ್ಮನ್ನ ತಂದು ಬಿಡಲಾಕ, ಸೋಮವಾರ ಒಯ್ಯಲಾಕ ಬಂಡಿ ಬೇಕು. ಸೋಮವಾರ ಮಧ್ಯಾಹ್ನ. ಕಣದ ಹತ್ರ."

ಆತನ ಮುಖದಿಂದ ಬಣ್ಣ ಇಳಿಯಿತು. ಆಕೆ ಅದನ್ನು ಕಣ್ತುಂಬ ನೋಡಿದಳು. ಮೂರು ವರ್ಷದ ಹಸಿವಿಗೆ ಮೊದಲ ತುತ್ತು.

"ಬಂಡಿ ಹೊಡೆಯೋರು ನೀವು. ಮ್ಯಾನೇಜರ್ ಸಾಹೇಬರೇ. ಮುನ್ಶಿ ಅಲ್ಲ, ಆಳು ಅಲ್ಲ. ಒಂದು ಸೋಮವಾರ ತಪ್ಪಿದ್ರ ಕೆಲಸ ಬಂದ್."

ಆತ ಬೆರಳಿನ ತುದಿಯನ್ನು ಭಂಡಾರಕ್ಕೆ ಮುಟ್ಟಿಸಿದ. "ಆಯ್ತರಿ," ಎಂದ ಮೆಲ್ಲಗೆ.

"ಇನ್ನು ಹೇಳ್ರಿ. ಕಂಬಳಿ ಮ್ಯಾಲ ಕುಂತೀರಿ. ಆ ಸೋಮವಾರ ಬಂಡಿ ಯಾಕ ಬರಲಿಲ್ಲ? ನಮ್ಮಪ್ಪ ಒಂದು ಮಧ್ಯಾಹ್ನದಿಂದ ಇನ್ನೊಂದು ಮಧ್ಯಾಹ್ನದ ತನಕ ಮೇಟಿಗೆ ಒರಗಿ ಕುಂತಿದ್ದ. ಗಾಲಿ ಮುರದಿತ್ತು ಅಂತಾರ ಮಂದಿ."

"ಗಾಲಿ ಮುರದಿರಲಿಲ್ಲರಿ." ಆತ ತಲೆ ಎತ್ತಿದ. "ಗಾಲಿ ಮುರದದ ಅಂತ ನಮ್ಮವ್ವ ಹೇಳಿದಳು. ನಾ ತಿದ್ದಲಿಲ್ಲ. ಹಳ್ಳದ ತನಕ ಬಂದಿದ್ದೆ. ಈ ಕಡಿ ಹೊಗಿ ಕಾಣಸ್ತು. ಯಾವ ಊರಿನ ಹೊಗಿನೋ ಏನೋ. ಅಂಜಿದೆ. ಎತ್ತು ಹಿಂದಕ್ಕ ಹೊಳ್ಳಿಸಿದೆ."

ಆತ ಕಂಬಳಿಯ ಮೇಲಿನ ಸುಕ್ಕೊಂದನ್ನು ಅಂಗೈಯಿಂದ ತಿದ್ದಿದ.

"ಆಮ್ಯಾಲ ಬಂದು ಹೇಳಬೇಕಿತ್ತು. ಅದಕ್ಕೂ ಅಂಜಿದೆ. ಇಷ್ಟೇರಿ."

ಸುಂದರಬಾಯಿ ನೆಪಗಳಿಗೆ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಗಾಲಿಗೆ ಒಂದು, ಅವ್ವನ ಜ್ವರಕ್ಕೆ ಒಂದು, ದಾರಿಯ ಪಹರೆಗೆ ಒಂದು. ಆತ ನಿಜವನ್ನೇ ಹೇಳುತ್ತಾನೆಂದು ಎಣಿಸಿರಲಿಲ್ಲ. ಸಿಟ್ಟು ಕೈಯಲ್ಲಿ ಹಿಡಿದ ಕಲ್ಲಿನಂತೆ ಎಸೆಯಲು ಜಾಗವಿಲ್ಲದೆ ಉಳಿಯಿತು.

"ನಂದೂ ಒಂದು ಕರಾರು," ಎಂದ ಆತ ಬೂಟು ಹಾಕಿಕೊಳ್ಳುತ್ತ. "ಕೆಲಸ ಬಿಡೋದಿದ್ರ ನನ್ನ ಮುಖಕ್ಕ ಹೇಳಿ ಬಿಡ್ರಿ. ಹೇಳಿ ಕಳಸಬ್ಯಾಡ್ರಿ. ಹೇಳಿ ಕಳಿಸಿದ ಮಾತು ಏನ್ ಮಾಡ್ತದ ಅಂತ ನನಗ ಗೊತ್ತದ."

*

ಸೋಮವಾರಗಳು ಬಂದವು. ಮಧ್ಯಾಹ್ನ ನೆರಳು ಕಾಲಡಿಗೆ ಬರುವ ಮೊದಲೇ ಕಣದ ಹತ್ತಿರ ಎತ್ತಿನ ಗಂಟೆ ಕೇಳುತ್ತಿತ್ತು. ಕೋಟು ಹಾಕಿದ ಮ್ಯಾನೇಜರ್ ನೊಗದ ಹಿಂದೆ ಕೂತು ಬಾರುಕೋಲು ಹಿಡಿದಿದ್ದನ್ನು ನೋಡಲು ಭಾಲ್ಕಿಯ ಬಜಾರಿನಲ್ಲಿ ಜನ ಅಂಗಡಿಯಿಂದ ಹೊರಗೆ ಬರುತ್ತಿದ್ದರು.

"ಸಾಹೇಬರ, ಎಡಗಡಿ ಎತ್ತು ನಿಮ್ಮಕಿಂತ ಓದ್ಯದಂತ ಕಾಣ್ತದ. ಸರಕ್ಕಂತ ದಾರಿ ಹಿಡೀತದ," ಎನ್ನುತ್ತಿದ್ದಳು ಕುಲಸುಮಬೀ.

"ಅದು ಮೆಟ್ರಿಕ್ ಫೇಲ್ ಅದರಿ ಕುಲಸುಮ ಆಪಾ. ಅದಕ್ಕೇ ಕೆಲಸ ಬರ್ತದ."

ಹೆಣ್ಣುಮಕ್ಕಳು ನಗುತ್ತಿದ್ದರು. ಸುಂದರಬಾಯಿ ಬಂಡಿಯ ಹಿಂಬದಿಗೆ, ಆತನಿಗೆ ಬೆನ್ನು ಹಾಕಿ, ಕಾಲು ಇಳಿಬಿಟ್ಟು ಕೂಡುತ್ತಿದ್ದಳು. ಬಂದ ದಾರಿ ಮಾತ್ರ ಆಕೆಗೆ ಕಾಣುತ್ತಿತ್ತು. ಹಾಗಿದ್ದೂ ಬೆನ್ನಿಗೆ ಕಣ್ಣು ಹುಟ್ಟಿದಂತೆ ಆತ ಎಲ್ಲಿ ಮೈ ಬಾಗಿಸಿದ, ಎಲ್ಲಿ ಕಲ್ಲು ತಪ್ಪಿಸಿದ ಎಂದು ತಿಳಿಯುತ್ತಿತ್ತು. ಆ ಹಳ್ಳ ಬಂದಾಗ ಆತ ಪ್ರತಿ ಸಲವೂ ಇಳಿದು, ಎತ್ತಿನ ಮೂಗುದಾರ ಹಿಡಿದು, ನಡೆದೇ ದಾಟುತ್ತಿದ್ದ. ಯಾರೂ ಯಾಕೆಂದು ಕೇಳಲಿಲ್ಲ.

ವಾಡೆಯಲ್ಲಿ ಚಿಲಕ ಒಳಗಿನಿಂದಲೇ ಇತ್ತು. ಪಡಸಾಲೆಯಲ್ಲಿ ಐದು ತೊಟ್ಟಿಲು ತೂಗುತ್ತಿದ್ದವು. ಎಳೆಬಿಸಿಲಿಗೆ ಅಂಗಳದ ಉದ್ದಕ್ಕೂ ಹಾಸು ಎಳೆದು, ಬಿಸಿ ಸರಿ ಹಚ್ಚಿ, ಎರಡು ಬದಿಗೆ ಇಬ್ಬರು ನಿಂತು ಕುಂಚ ಹೊಡೆಯುತ್ತ ಬರುವಾಗ, ಆತ ಕಂಬದ ಹತ್ತಿರ ನಿಂತು ನೋಡುತ್ತಿದ್ದ. ಒಮ್ಮೆ ಆತನ ಕಿವಿಯ ಹಿಂದೆ ಉಣ್ಣೆಯ ಎಳೆ ಅಂಟಿತ್ತು. ಸುಂದರಬಾಯಿಯ ಎರಡು ಬೆರಳು ತಾವಾಗಿಯೇ ಕೂಡಿಕೊಂಡವು. ಆಕೆ ಅವನ್ನು ಸರಿಯ ಗಡಿಗೆಯಲ್ಲಿ ಅದ್ದಿ ಸುಟ್ಟುಕೊಂಡಳು.

ಆತ ಓಡಿ ಬಂದ. "ಎಣ್ಣಿ ತರಲೇನ್ರಿ?"

"ಎಣ್ಣಿ ನಮ್ಮ ಕರಾರಿನಾಗಿಲ್ಲ."

"ಹಾಕಿಕೊಳ್ಳೋಣ. ಕರಾರು ಇನ್ನೂ ಮಡಚಿಲ್ಲ ಅಲ್ಲರಿ?"

ಹೌದು. ಆ ದಿನ ಆಕೆ ಕಂಬಳಿ ಮಡಚುವುದನ್ನೇ ಮರೆತಿದ್ದಳು. ಆತ ಅದನ್ನು ಗಮನಿಸಿದ್ದ. ಆಕೆ ಕಣ್ಣಲ್ಲೇ ಆತನನ್ನು ಇರಿದಳು; ಇರಿತ ತಿಂದವನು ನಗಲಿಲ್ಲ, ಕಣ್ಣು ತಗ್ಗಿಸಲೂ ಇಲ್ಲ.

ಒಂದು ಸಂಜೆ ಯಾಕೂಬ ಮುನ್ಶಿ ಎಲೆ ಅಡಿಕೆ ಮೆಲ್ಲುತ್ತ ಹೇಳಿದ: "ಬೇಟಿ, ನಿನ್ನ ಹಂಗ ನಮ್ಮ ಮ್ಯಾನೇಜರೂ ಸೇಠರ ಜೋಡಿ ಕುಂತು ಕರಾರು ಮಾಡ್ಯಾನ. ಸೇಠರು ಬೀದರದಾಗ ದೊಡ್ಡ ಅಂಗಡಿ ಕೊಡ್ತೇನಿ ಅಂದ್ರು. ಅಲ್ಲೇ ಮೈಲೂರ ಓಣ್ಯಾಗ ಮನಿ, ಮ್ಯಾಲ ಸವಾರಿಗೆ ಟಾಂಗಾ. ಬ್ಯಾಡ ಅಂದ. ಭಾಲ್ಕಿದಾಗ ಕಂಬಳಿ ಕಾರಖಾನಿ ಹಾಕ್ರಿ, ಸಾಯಗಾಂವದ ಹೆಣ್ಮಕ್ಕಳಿಗೆ ಕೆಲಸ ಕೊಡ್ರಿ, ಅರ್ಧ ಪಗಾರಕ್ಕ ಬರ್ತೇನಿ ಅಂದ. ಸೇಠರು ಇವನಿಗೆ ಹುಚ್ಚು ಹಿಡದದ ಅಂದ್ರು. ನಾನೂ ಅದೇ ಅಂದೆ."

ಆ ರಾತ್ರಿ ಆಕೆ ಒಳಗಿನ ಚಿಲಕ ಹಾಕಿ, ಅದರ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತಳು. ಸಿಟ್ಟು ಕರಗಿದಂತಾಯಿತು. ಕರಗಿದ್ದಕ್ಕೇ ಅಪ್ಪನ ಊದಿದ ಕಾಲು ನೆನಪಾಗಿ ಮತ್ತೆ ಗಡ್ಡೆಗಟ್ಟಿತು. ಇಲ್ಲ. ಹೀಗೆ ಸುಮ್ಮನೆ ಬಿಡಲಾರೆ. ಕಾಯುವುದೆಂದರೆ ಏನೆಂದು ಆತನಿಗೂ ತಿಳಿಯಬೇಕು.

*

ಸಂಕ್ರಾಂತಿಗೆ ಎಂಟು ದಿನ ಉಳಿದಿತ್ತು. ಹಾಸುಗಳಿಗೆಲ್ಲ ಸರಿ ಹಚ್ಚಿ ಆಗಿತ್ತು. ಇನ್ನು ಅಂಚು ಕಟ್ಟುವ ಕೆಲಸವಷ್ಟೇ. ಆ ಸೋಮವಾರ ಸುಂದರಬಾಯಿ ಕಣಕ್ಕೆ ಹೋಗಲಿಲ್ಲ. ಹಿತ್ತಲ ಗೋಡೆಯ ಕಿಂಡಿಯಿಂದ ನೋಡುತ್ತ ಕೂತಳು.

ಬಂಡಿ ಹೊತ್ತಿಗೆ ಬಂತು. ಹೆಣ್ಣುಮಕ್ಕಳು ಹತ್ತಿದರು. ಕಾದರು. ಕೂಸು ಅತ್ತಿತು.

"ಆಕಿ ಬರೋದಿಲ್ಲ ಸಾಹೇಬರ," ಎಂದಳು ಕುಲಸುಮಬೀ. "ಯಾಕಂತ ನಿಮಗೂ ಗೊತ್ತು, ನನಗೂ ಗೊತ್ತು. ಹೊಡೀರಿ."

"ಆಕಿ ಬಿಡೋದಿದ್ರ ಮುಖಕ್ಕ ಬಂದು ಹೇಳಬೇಕು ಅಂತ ಕರಾರು ಅದ. ನಾ ಕುಂದರ್ತೇನಿ."

"ಕೆಲಸ?"

ಆತ ಬಾರುಕೋಲು ಕುಲಸುಮಬೀಯ ಮುಂದೆ ಹಿಡಿದ. "ಬಂಡಿ ನಾನೇ ಹೊಡೀಬೇಕು ಅಂತ ಮಾತದ. ನೀವೆಲ್ಲಾರೂ ಒಪ್ಪಿದ್ರ ಇದೊಂದು ಸಲ..."

"ಒಪ್ಪಿದೆವಪ್ಪ, ಒಪ್ಪಿದೆವು!" ಕುಲಸುಮಬೀ ಸೆರಗು ಸಿಕ್ಕಿಸಿ ನೊಗದ ಹಿಂದೆ ಹಾರಿ ಕೂತಳು. "ಮೆಟ್ರಿಕ್ ಫೇಲ್ ಮಹಾರಾಜಾ, ಚಲ್!"

ಬಂಡಿ ನಗುವಿನ ಧೂಳೆಬ್ಬಿಸಿ ಹೋಯಿತು. ಆತ ಒಬ್ಬನೇ ಉಳಿದ. ಸುತ್ತ ನೋಡಿ, ಹೋಗಿ ಮೇಟಿಗೆ ಒರಗಿ ಕೂತ.

ಸುಂದರಬಾಯಿ ಇದಕ್ಕಾಗಿಯೇ ಕಾದಿದ್ದಳು. ಬಿಸಿಲು ಆತನ ನೆತ್ತಿಯಿಂದ ಹೆಗಲಿಗೆ ಇಳಿಯಿತು. ಬೆಲ್ಲದಂತೆ ಸವಿಯಬೇಕಿದ್ದ ಹೊತ್ತು. ಆದರೆ ಆತ ಕಾಲು ಮಡಚಿ ಕೂತ ರೀತಿ, ದಾರಿಯ ಕಡೆ ಕತ್ತು ಚಾಚಿ ನೋಡಿದ ರೀತಿ, ಅಪ್ಪನದೇ. ಅಂದು ಅಪ್ಪನಿಗೆ ನಾನು ನೀರು ಕೊಟ್ಟಿದ್ದೆ, ಪಕ್ಕದಲ್ಲಿ ಕೂತಿದ್ದೆ. ಈತನಿಗೆ ಯಾರೂ ಇಲ್ಲ. ಕಾಯಿಸುವವರಿಗೂ ಕಾಯುವವರಷ್ಟೇ ಸಂಕಟವೆಂದು ಆಕೆಗೆ ಈಗ ತಿಳಿಯಿತು. ಹಳ್ಳದಿಂದ ಎತ್ತು ಹೊಳ್ಳಿಸಿದವನು ಮೂರು ವರ್ಷ ಹೈದರಾಬಾದಿನಲ್ಲಿ ಮನಸ್ಸಿನಲ್ಲೇ ಇಂಥದೊಂದು ಕಿಂಡಿಗೆ ಕಣ್ಣಿಟ್ಟು ಕೂತಿದ್ದನೇನೋ.

ಸಂಜೆಗೆ ಮಾಗಿಯ ಗಾಳಿ ಎದ್ದಿತು. ಅವ್ವ ಸಖುಬಾಯಿ ಹಿಂದೆ ಬಂದು ನಿಂತಿದ್ದಳು. "ನಿಮ್ಮಪ್ಪ ಇದ್ದಿದ್ರ ಇಷ್ಟೊತ್ತಿಗೆ ಒಳಗ ಕರೀತಿದ್ದ," ಎಂದಳು, ಯಾರಿಗೋ ಹೇಳುವಂತೆ. ಒಲೆಯ ಕಡೆ ಹೋದವಳು ಮೂರು ತಾಟು ತೊಳೆದಳು.

ಸುಂದರಬಾಯಿ ಕಣಕ್ಕೆ ಹೋದಾಗ ಹೊತ್ತು ಮುಳುಗುತ್ತಿತ್ತು. ಕಂಕುಳಲ್ಲಿ ಆ ಕಂಬಳಿಯ ಸುರುಳಿ ಇತ್ತು. ಆತ ಏಳಲು ಹೋದ; ಕಾಲು ಜೋಮು ಹಿಡಿದು ಮತ್ತೆ ಕೂತ.

"ಮುಖಕ್ಕ ಹೇಳಲಾಕ ಬಂದೀರಿ?" ಎಂದ.

"ಹೌದು." ಆಕೆ ಕಂಬಳಿಯನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಸರಿಸಿದಳು. "ಥಂಡಿ ಅದ. ಏಳ್ರಿ. ಎಷ್ಟೊತ್ತು ಕೂಡ್ತೀರಿ?"

"ನಿಮ್ಮಪ್ಪ ಕುಂತಷ್ಟು ಇನ್ನೂ ಆಗಿಲ್ಲರಿ. ನಾಳಿ ಮಧ್ಯಾಹ್ನದ ತನಕ ಅದ."

ಆಕೆ ಕಂಬಳಿಯನ್ನು ಬಿಚ್ಚಿ, ಝಾಡಿಸಿ, ಆತನ ಹೆಗಲ ಮೇಲೆ ಹೊದಿಸಿದಳು. ಭಂಡಾರದ ಪುಡಿ ಒಂದಿಷ್ಟು ಸಂಜೆಯ ಬೆಳಕಿನಲ್ಲಿ ಹಾರಿತು.

"ಇದು..." ಆತ ಅಂಚನ್ನು ಬೆರಳಲ್ಲಿ ಹಿಡಿದ. "ಅವತ್ತು ಹಾಸಿದ್ದು."

"ನಿಮ್ಮದೇ. ಅಪ್ಪ ಅಳಿಯನಿಗಂತ ನೇಯ್ದಿದ್ದ."

ಆತ ಕಂಬಳಿಯ ಅಂಚನ್ನು ಕಣ್ಣಿಗೊತ್ತಿಕೊಂಡ. ಆಕೆ ನೋಡದಂತೆ ದಾರಿಯ ಕಡೆ ತಿರುಗಿದಳು. ಮತ್ತೆ ತಿರುಗಿದಾಗ ಆತನ ಕಿವಿಯ ಹಿಂದೆ ಉಣ್ಣೆಯ ಎಳೆಯೊಂದು ಕಂಡಿತು. ಈ ಸಲ ಬೆರಳುಗಳಿಗೆ ಶಿಕ್ಷೆ ಕೊಡಲಿಲ್ಲ. ಎಳೆ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಒಂದು ನಂದು ನಿಮ್ಮ ಹತ್ರ ಇತ್ತು," ಎಂದಳು.

"ಅದ. ಇನ್ನೂ ಅದ." ಆತ ಕೋಟಿನ ಒಳಜೇಬು ಮುಟ್ಟಿಕೊಂಡ. "ಸುಂದರಾ, ಒಂದು ಮಾತು ಕೇಳಲೇನು?"

"ಕೇಳ್ರಿ. ಆದ್ರ ಕರಾರು ಇರ್ತಾವ."

"ಎಷ್ಟು?"

"ನಿಮ್ಮ ಮನ್ಯಾಗೂ ಚಿಲಕ ಒಳಗಿಂದ ಇರಬೇಕು. ಸರಿ ಹಚ್ಚೋ ಕೆಲಸ ನಾ ಬಿಡೋದಿಲ್ಲ. ಅವ್ವ ನಮ್ಮ ಹತ್ರನೇ ಇರ್ತಾಳ. ನಿಮ್ಮವ್ವ ಗಾಲಿ ಮಾತು ಎತ್ತಬಾರದು."

"ಆಯ್ತರಿ."

"ಒಂದಕ್ಕಾದ್ರೂ ಚೌಕಾಸಿ ಮಾಡ್ರಿ! ಇಲ್ಲಂದ್ರ ನನಗ ಸಿಟ್ಟು ಬರ್ತದ."

"ಸಿಟ್ಟು ಬಿಡಬೇಕು ಅಂತ ಕೇಳಲೇನು?"

ಕಂಬಳಿಯ ಒಂದು ಅಂಚು ಆಕೆಯ ಕೈಯಲ್ಲಿತ್ತು, ಸುಳ್ಳು ಹೇಳುವಂತಿರಲಿಲ್ಲ.

"ಅದು ಆಗೋದಿಲ್ಲ," ಎಂದಳು. "ಇರ್ತದ. ವರ್ಷಕ್ಕೊಮ್ಮೆ, ಅಪ್ಪ ಕುಂತ ಆ ದಿನ, ಎದ್ದು ಕೂಡ್ತದ. ಆ ದಿನ ನೀವೂ ನನ್ನ ಜೋಡಿ ಈ ಕಣದಾಗ ಕುಂದರಬೇಕು. ಮಧ್ಯಾಹ್ನದಿಂದ ಮಧ್ಯಾಹ್ನದ ತನಕ."

"ಕುಂದರ್ತೇನಿ."

"ಮತ್ತ ಮದುವಿ ದಿನ ಬಂಡಿ ನೀವೇ ಹೊಡಕೊಂಡು ಬರಬೇಕು. ಬಾಸಿಂಗ ಕಟಗೊಂಡು."

"ಮದುಮಗ ಬಂಡಿ ಹೊಡೀತಾನಂದ್ರ ಊರು ನಗ್ತದ."

"ನಗಲಿ," ಎಂದಳು ಸುಂದರಬಾಯಿ, ಮೂರು ವರ್ಷದಲ್ಲಿ ಮೊದಲ ಸಲ ತಾನೂ ನಗುತ್ತ. "ಹಳ್ಳದಾಗ ಇಳೀಬ್ಯಾಡ್ರಿ ಅವತ್ತು. ಹೊಡಕೊಂಡ ಬರ್ರಿ."

ಆತ ಕೈ ಚಾಚಿದ. ಆಕೆ ಹಿಡಿದೆಬ್ಬಿಸಿದಳು.